ಫ್ಲ್ಯಾಶ್ ಇಲ್ಲದೆ ಯಕ್ಷಗಾನ: ಧಿಗಿಣ, ಚುಟ್ಟಿ ಮತ್ತು ಶಟರ್ ಲೆಕ್ಕ

ಮೇಳಗಳ ಈ ಸಲದ ತಿರುಗಾಟ (ಊರೂರು ಸುತ್ತಿ ಆಟ ಆಡುವ ಕಾಲ) ಶುರುವಾದಾಗಿನಿಂದ ಒಂದೇ ಕೆಲಸ ಹಿಡಿದುಕೊಂಡಿದ್ದೇನೆ: ಫ್ಲ್ಯಾಶ್ ಹಾಕದೆ ಯಕ್ಷಗಾನದ ಒಳ್ಳೆ ಫೋಟೊ ತೆಗೆಯುವುದು. ಫ್ಲ್ಯಾಶ್ ಬೇಡವೇ ಬೇಡ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ, ರಂಗಸ್ಥಳದ ಬೆಳಕಿನ ಅಂದವೂ ಹೋಗುತ್ತದೆ. ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಉಪಯೋಗವಾಗಲಿ ಅಂತ ಇಲ್ಲಿವರೆಗೆ ಗೊತ್ತಾದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಲೆನ್ಸ್. ಕ್ಯಾಮೆರಾ ಜೊತೆ ಬರುವ 18-55 ಲೆನ್ಸನ್ನು 55ಕ್ಕೆ ಝೂಮ್ ಮಾಡಿದರೆ ಅಪರ್ಚರ್ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ. ನಂಬರ್ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಈಗ ಹಾಕಿರುವುದು 50 ಎಂ.ಎಂ., ಎಫ್/1.8. ಝೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ಮುಂದೆ ಹೋಗಬೇಕು. ಆದರೆ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು! ರಾತ್ರಿ ಆಟಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಕಾಣಲಿಲ್ಲ.

ಇನ್ನು ಶಟರ್ ಸ್ಪೀಡ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತು. ನನ್ನ ಮಟ್ಟಿಗೆ ಯಕ್ಷಗಾನದಲ್ಲಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ, ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ಅರ್ಥ (ಪಾತ್ರದ ಮಾತು) ಹೇಳುತ್ತಾ ನಿಂತ ವೇಷಕ್ಕೆ 1/100 ಸೆಕೆಂಡ್ ಸಾಕು. ಪುಂಡುವೇಷ (ಎಳೆಯ ವೀರನ ಪಾತ್ರ) ಧಿಗಿಣ, ಅಂದರೆ ಗಿರಕಿ ಹೊಡೆಯುವ ನೆಗೆತ, ಹಾರಲು ಶುರು ಮಾಡಿತೋ, 1/100ರಲ್ಲಿ ಮುಖವೂ ಕಲಸಿಹೋಗುತ್ತದೆ. 1/400ಕ್ಕೆ ಏರಿಸಲೇಬೇಕು. ಆಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅಲ್ವಾ? ಅದನ್ನು ತುಂಬಿಕೊಡುವುದು ಐಎಸ್ಒ, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್. 800 ಇದ್ದದ್ದನ್ನು 1600, ಅಲ್ಲಿಂದ 3200 ಮಾಡಿದರೆ ಲೆಕ್ಕ ಸರಿಹೋಯಿತು. ಹೀಗೆ ಒಂದೊಂದು ಸಲ ದುಪ್ಪಟ್ಟಾಗುವುದಕ್ಕೆ, ಇಲ್ಲವೇ ಅರ್ಧವಾಗುವುದಕ್ಕೆ ಒಂದು ಸ್ಟಾಪ್ ಅನ್ನುತ್ತಾರೆ. 3200ರಲ್ಲಿ ಕಪ್ಪು ಪರದೆಯ ಮೇಲೆ ಸಣ್ಣ ಕಾಳುಕಾಳು ಕಾಣುತ್ತದೆ, ನಿಜ. ಕಾಳು ಇದ್ದರೂ ಫೋಟೊ ನೋಡಬಹುದು, ಮುಖ ಕಲಸಿಹೋದರೆ ಏನೂ ಉಳಿಯುವುದಿಲ್ಲ.

ತಲೆ ಕೆಡಿಸಿದ್ದು ಎಲ್‌ಇಡಿ ದೀಪಗಳು. ಶಟರ್ ಏರಿಸಿದ ಕೂಡಲೇ ಕೆಲವು ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ! ನಮ್ಮ ಕರೆಂಟ್ 50 ಹರ್ಟ್ಸ್. ಕೆಲವು ದೀಪಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರ್ ಬಿಡುವುದಿಲ್ಲ. 1/100 ಅಥವಾ 1/50 ಇಟ್ಟರೆ ಒಂದೋ ಎರಡೋ ಇಡೀ ಮಿನುಗು ಶಟರಿನೊಳಗೆ ಸಿಗುತ್ತದೆ, ಪಟ್ಟಿ ಬರುವುದಿಲ್ಲ. ಅಂದರೆ ಧಿಗಿಣ ಕೇಳುವುದು ಒಂದು, ದೀಪ ಕೇಳುವುದು ಇನ್ನೊಂದು. ಸೈಲೆಂಟ್ ಶಟರ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್) ಆಫ್ ಮಾಡಿದ್ದರಿಂದ ಪಟ್ಟಿ ತುಂಬಾ ಕಡಿಮೆಯಾಯಿತು. ಆಂಟಿ-ಫ್ಲಿಕರ್ ಇರುವ ಕ್ಯಾಮೆರಾ ಆದರೆ ಅದನ್ನು ಆನ್ ಮಾಡಿಕೊಳ್ಳಿ, ಬೆಳಕು ಜೋರಾಗಿರುವ ಕ್ಷಣ ನೋಡಿ ಅದೇ ಕ್ಲಿಕ್ ಮಾಡುತ್ತದೆ. ಮಿನುಗದ ದೀಪ ಹಾಕಿದ ಕಡೆ ಈ ರಗಳೆಯೇ ಇಲ್ಲ.

ತುಂಬಾ ಖುಷಿ ಕೊಟ್ಟದ್ದು ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಒಂದೊಂದೇ ಚುಟ್ಟಿ (ಮುಳ್ಳಿನಂಥ ಬಿಳಿ ಮೊನೆ) ಇಟ್ಟಿರುತ್ತಾರೆ. ಫೋಟೊದಲ್ಲಿ ಅದೆಲ್ಲ ಸೇರಿ ಬಿಳಿ ತೇಪೆಯಾದರೆ ಹೊಟ್ಟೆ ಉರಿಯುತ್ತದೆ. ಹಾಗಾಗಲು ಕಾರಣ ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿ. ಹಿಂದಿನ ಕತ್ತಲೆಯನ್ನೂ ಸೇರಿಸಿ ಅಳೆಯುವ ಕ್ಯಾಮೆರಾ, ಬೆಳಕು ಸಾಲದು ಅಂತ ಮುಖವನ್ನೂ ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಅಳೆದದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 1ಕ್ಕೆ, ಅಂದರೆ ಒಂದು ಸ್ಟಾಪ್ ಇಳಿಸಿದೆ. ಚುಟ್ಟಿಯ ಮೊನೆಗಳು ಬೇರೆಬೇರೆಯಾಗಿ, ಒಂದೊಂದರ ಬುಡದ ನೆರಳಿನ ಸಮೇತ ಎದ್ದು ಬಂದವು! ಕೆಂಪು, ನೀಲಿ ದೀಪ ಬದಲಾಗುತ್ತಲೇ ಇರುವುದರಿಂದ ರಾ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ) ಫೈಲ್‌ನಲ್ಲೇ ತೆಗೆಯುತ್ತೇನೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಅನ್ನು ಮನೆಗೆ ಬಂದು ನಿಧಾನವಾಗಿ ಸರಿಮಾಡಬಹುದು.

ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ತೆಗೆಯುವಾಗ ಒಂದು ಮಾತು. ಬಣ್ಣ ಹಚ್ಚಿಕೊಳ್ಳುವವರ ಪಕ್ಕದಲ್ಲೇ ಕೂತು ಎಫ್/1.8ರಲ್ಲಿ ತೆಗೆದರೆ ಕಣ್ಣು ಸ್ಪಷ್ಟ, ಕಿವಿ ಮಸುಕು. ಡೆಪ್ತ್ ಆಫ್ ಫೀಲ್ಡ್ (ಫೋಟೊದಲ್ಲಿ ಸ್ಪಷ್ಟವಾಗಿ ಬರುವ ಆಳ) ಅಷ್ಟು ತೆಳು. ಕನ್ನಡಿಯೊಳಗಿನ ಮುಖದ ಮೇಲೆ ಫೋಕಸ್ ಮಾಡುವುದಾದರೆ ಎಫ್/4 ಒಳ್ಳೆಯದು. ಮೊದಲು ಅವರನ್ನು ಕೇಳಿಯೇ ಕ್ಯಾಮೆರಾ ಎತ್ತಿ.

ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವುದರೊಳಗೆ ಇನ್ನೊಂದು ಕೆಲಸ ಆಗಬೇಕು. ಬೇಕಂತಲೇ 1/15 ಇಟ್ಟು, ಟ್ರೈಪಾಡ್ ಹಾಕಿ ಚಂಡೆಯವರನ್ನು ತೆಗೆಯಬೇಕು: ಮುಖ ನಿಂತಿರಬೇಕು, ಕೋಲು ಮಾತ್ರ ಗೆರೆಗೆರೆಯಾಗಿ ಬರಬೇಕು. ಸದ್ಯ ಹತ್ತಿಪ್ಪತ್ತು ಕ್ಲಿಕ್ ಮಾಡಿದರೆ ಒಂದು ಸಿಗುತ್ತಿದೆ.