ಸಿಂಹಗಡದಿಂದ ಇಳಿಯುವ ವಿದ್ಯೆ

ಪುಣೆಯಲ್ಲಿ ಬೆಟ್ಟದ ಗೀಳಿರುವ ಇಬ್ಬರು ಭೇಟಿಯಾದರೆ ಮೊದಲು ಬರುವ ಪ್ರಶ್ನೆ, ಊರ ಹತ್ತಿರದ ಸಿಂಹಗಡ ಕೋಟೆಯನ್ನು ಹತ್ತಿದ್ದು ಎಷ್ಟು ನಿಮಿಷಕ್ಕೆ ಎಂಬುದು. ಬುಡದ ಹಳ್ಳಿ ಆತಕರವಾಡಿಯಿಂದ ಕೋಟೆಯ ಪುಣೆ ದರವಾಜೆಯವರೆಗಿನ ಕಾಲುದಾರಿಯ ಸಮಯವನ್ನು ಓಟಗಾರರು ಸೆಕೆಂಡುಗಳ ಸಮೇತ ನೆನಪಿಟ್ಟುಕೊಂಡಿರುತ್ತಾರೆ. ಸೈಕಲ್ ತುಳಿಯುವವರು ಗೋಳೇವಾಡಿಯ ನಾಕಾದಿಂದ ಮೇಲಿನ ವಾಹನ ನಿಲುಗಡೆಯವರೆಗಿನ ಘಾಟಿಯ ಸಮಯವನ್ನು ಹಾಗೆಯೇ ಬಾಯಿಪಾಠ ಒಪ್ಪಿಸುತ್ತಾರೆ. ಇಳಿದದ್ದು ಹೇಗೆ ಎಂದು ಕೇಳುವವರು ಮಾತ್ರ ಅಪರೂಪ. ನಮ್ಮ ಭಾನುವಾರದ ಗುಂಪಿಗೆ ಹೊಸದಾಗಿ ಬರುವ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಹುಡುಗ ಹುಡುಗಿಯರು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಹತ್ತಿ ಅಭ್ಯಾಸ ಮಾಡಿಕೊಂಡು ಬರುತ್ತಾರೆ, ಮೆಟ್ಟಿಲು ಮುಗಿದ ಮೇಲೆ ಲಿಫ್ಟಿನಲ್ಲಿ ಇಳಿದಿರುತ್ತಾರೆ. ಮೊಣಕಾಲು ಹಿಡಿದುಕೊಂಡು ಕೂರುವುದು, ಪಾದ ಉಳುಕುವುದು, ದಾರಿ ತಪ್ಪುವುದು, ತಿರುವಿನಲ್ಲಿ ಸೈಕಲ್ಲಿನಿಂದ ಬೀಳುವುದು, ಇವೆಲ್ಲ ನಾನು ಕಂಡಮಟ್ಟಿಗೆ ಬಹುಪಾಲು ಆಗುವುದು ಇಳಿಯುವಾಗಲೇ. ಆದ್ದರಿಂದ ಹತ್ತುವುದಕ್ಕೆ ಕೊಡುವಷ್ಟೇ ಸಿದ್ಧತೆಯನ್ನು ಇಳಿಯುವುದಕ್ಕೂ ಕೊಡಬೇಕೆಂದು ನಾನು ಗುಂಪಿನಲ್ಲಿ ಪದೇಪದೇ ಹೇಳುತ್ತೇನೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಈ ಕೋಟೆಗಳ ಐತಿಹ್ಯಗಳು ಇಳಿಯುವುದನ್ನು ಎಂದೂ ಹಗುರವಾಗಿ ಕಂಡಿಲ್ಲ. 1670ರ ಫೆಬ್ರವರಿಯ ರಾತ್ರಿಯಲ್ಲಿ, ಆಗ ಕೊಂಢಾಣಾ ಎಂದು ಕರೆಯುತ್ತಿದ್ದ ಈ ಕೋಟೆಯ ಕಡಿದಾದ ಬಂಡೆಗೋಡೆಯನ್ನು ತಾನಾಜಿ ಮಾಲುಸರೆ ತನ್ನ ಮಾವಳ ಸೈನಿಕರೊಂದಿಗೆ ಹತ್ತಿದ್ದನ್ನು ಇಲ್ಲಿ ಮಕ್ಕಳೂ ಬಲ್ಲರು. ತಾನಾಜಿ ಮಡಿದಾಗ ಸೈನಿಕರು ಹಿಮ್ಮೆಟ್ಟತೊಡಗಿದರಂತೆ, ಆತನ ತಮ್ಮನಾದ ಸೂರ್ಯಾಜಿ, ಅವರು ಹತ್ತಿ ಬಂದ ಹಗ್ಗಗಳನ್ನು ಕಡಿದು ಹಾಕಿ ಅವರನ್ನು ಮತ್ತೆ ಕಾಳಗಕ್ಕೆ ತಿರುಗಿಸಿದನಂತೆ. ನನಗೆ ಇದಕ್ಕಿಂತ ಪ್ರಿಯವಾದದ್ದು ರಾಯಗಡದ ಹಿರಕಣಿಯ ಕಥೆ. ಕೋಟೆಗೆ ಹಾಲು ಮಾರಲು ಬಂದ ಆಕೆ ಸಂಜೆ ಬಾಗಿಲು ಮುಚ್ಚಿದ್ದರಿಂದ ಮೇಲೆಯೇ ಸಿಕ್ಕಿಬೀಳುತ್ತಾಳೆ, ಮನೆಯಲ್ಲಿದ್ದ ಹಸುಗೂಸಿಗಾಗಿ ಕತ್ತಲಲ್ಲಿ ಯಾರೂ ಇಳಿಯಲಾರರೆಂದು ತಿಳಿದಿದ್ದ ಕಡೆಯಿಂದ ಇಳಿದುಹೋಗುತ್ತಾಳೆ. ಅದನ್ನು ಕೇಳಿದ ಶಿವಾಜಿ ಮಹಾರಾಜರು ಆಕೆಯನ್ನು ಗೌರವಿಸಿ, ಆ ಜಾಗದಲ್ಲಿ ಬುರುಜು ಕಟ್ಟಿಸಿದರೆಂದು ಹೇಳುತ್ತಾರೆ. ಹಿರಕಣಿ ಬುರುಜು ಇಂದಿಗೂ ಅಲ್ಲಿದೆ. ಇಳಿದದ್ದಕ್ಕಾಗಿಯೇ ಒಬ್ಬಳ ಹೆಸರು ಕೋಟೆಯಲ್ಲಿ ಉಳಿದಿರುವ ಇನ್ನೊಂದು ಉದಾಹರಣೆ ನನಗೆ ತೋಚುವುದಿಲ್ಲ.

ನಮ್ಮ ಕಡೆಯಿಂದ ಬಂದವರಿಗೆ ಇಲ್ಲಿನ ಸಹ್ಯಾದ್ರಿ ಹೊಸದಾಗಿ ಕಾಣುವುದಕ್ಕೆ ಕಾರಣ ಅದರ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ ಆದ ಬೆಸಾಲ್ಟ್ ಶಿಲೆಯ ನಾಡು ಇದು, ದಕ್ಷಿಣದಲ್ಲಿ ಬೆಳಗಾವಿಯ ಆಸುಪಾಸಿನಲ್ಲಿ ಅದು ಮುಗಿಯುತ್ತದೆ. ಕುದುರೆಮುಖದ ದುಂಡನೆಯ ಹುಲ್ಲುಬೆಟ್ಟಗಳನ್ನು ಹತ್ತಿ ಅಭ್ಯಾಸವಿರುವವರು ಇಳಿಜಾರು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಇರುತ್ತದೆಂದು ಎಣಿಸುತ್ತಾರೆ. ಇಲ್ಲಿ ಹಾಗಲ್ಲ. ಗಟ್ಟಿ ಪದರಗಳು ನೆಟ್ಟಗಿನ ಗೋಡೆಗಳಾಗಿ ನಿಂತಿವೆ, ಅವುಗಳ ನಡುವಿನ ಮೆದು ಪದರಗಳು ಸವೆದು ಜಗಲಿಗಳಾಗಿವೆ. ಕೆಳಗಿನಿಂದ ನೋಡುವವರಿಗೆ ಈ ಗೋಡೆಗಳು ಅಡ್ಡಪಟ್ಟಿಗಳಂತೆ ಸ್ಪಷ್ಟವಾಗಿ ಕಾಣುತ್ತವೆ. ಮೇಲಿನಿಂದ ಬರುವವರಿಗೆ ಅಂಚಿನ ಮೇಲೆ ನಿಂತಾಗಲೇ ತಿಳಿಯುತ್ತದೆ. ಹತ್ತುವಾಗ ದಾರಿ ತಪ್ಪಿದವನಿಗೆ ಎದುರಿಗೆ ಬಂಡೆ ಬಂದು ತಡೆಯುತ್ತದೆ, ಇಳಿಯುವಾಗ ತಪ್ಪಿದವನಿಗೆ ತಡೆ ಎಂಬುದೇ ಇಲ್ಲ. ನೀರು ಹರಿದ ಕೊರಕಲು ಹಿಡಿದರೆ ಊರು ಸಿಗುತ್ತದೆ ಎಂಬ ನಂಬಿಕೆ ಈ ಬೆಟ್ಟಗಳಲ್ಲಿ ಅತ್ಯಂತ ಅಪಾಯಕಾರಿ, ಏಕೆಂದರೆ ಆ ಕೊರಕಲು ಪ್ರತಿಯೊಂದು ಗಟ್ಟಿ ಪದರದ ಬಳಿಯೂ ಜಲಪಾತವಾಗುತ್ತದೆ. ದಾರಿ ಇಲ್ಲವೆನಿಸಿದ ಕ್ಷಣದಲ್ಲಿ, ಎಷ್ಟೇ ಆಯಾಸವಾಗಿದ್ದರೂ, ಕೊನೆಯದಾಗಿ ದಾರಿ ಖಚಿತವಿದ್ದ ಜಾಗಕ್ಕೆ ಮತ್ತೆ ಹತ್ತಿ ಹೋಗಬೇಕು. ರಾಜಗಡ ಕೋಟೆಯಿಂದ ತೋರಣ ಕೋಟೆಗೆ ಹೋಗುವ ಉದ್ದನೆಯ ಏಣಿನ ಮೇಲೆ, ಜುಲೈ ತಿಂಗಳ ಮಂಜು ಕವಿದಾಗ, ಈ ಒಂದು ನಿಯಮ ಪಾಲಿಸುವವರೊಂದಿಗೆ ಮಾತ್ರ ನಾನು ಹೋಗುತ್ತೇನೆ.

ಕಲ್ಲು ಒಂದೇ ಆದರೂ ಋತುವಿಗೆ ತಕ್ಕಂತೆ ಜಾರುವ ಬಗೆ ಬದಲಾಗುತ್ತದೆ. ಮಳೆಗಾಲದಲ್ಲಿ ಕಪ್ಪು ಬಂಡೆಯ ಮೇಲೆ ಪಾಚಿ ಕಟ್ಟುತ್ತದೆ, ಅದರ ಮೇಲೆ ಎಂಥ ಬೆಲೆಬಾಳುವ ಬೂಟೂ ನಿಲ್ಲದು. ಬಂಡೆಯ ಪಕ್ಕದ ಮಣ್ಣಿನಲ್ಲೋ ಹುಲ್ಲಿನ ಬುಡದಲ್ಲೋ ಕಾಲಿಡುವುದೇ ಲೇಸು. ಅಕ್ಟೋಬರ್ ಕಳೆದು ಹುಲ್ಲು ಒಣಗಿ ಮಲಗಿದಾಗ ಅದೇ ಹುಲ್ಲು ಜಾರುಬಂಡೆಯಾಗುತ್ತದೆ. ಜನವರಿಯ ನಂತರ ಹುಲ್ಲೂ ಹೋಗಿ, ಗಟ್ಟಿ ನೆಲದ ಮೇಲೆ ಗರಸು ಹರಡಿಕೊಂಡಿರುತ್ತದೆ. ಇಲ್ಲಿಯ ಚಾರಣಿಗರು ಘಸಾರಾ ಎಂದು ಭಯಪಡುವುದು ಇದಕ್ಕೇ. ಕಾತ್ರಜ್ ಘಾಟಿಯಿಂದ ಸಿಂಹಗಡದವರೆಗೆ ಬೆಳದಿಂಗಳಲ್ಲಿ ಗುಡ್ಡದಿಂದ ಗುಡ್ಡಕ್ಕೆ ನಡೆಯುವ ಪ್ರಸಿದ್ಧ ರಾತ್ರಿ ಚಾರಣದಲ್ಲಿ ಹೊಸಬರನ್ನು ದಣಿಸುವುದು ಏರುಗಳಿಗಿಂತ ಹೆಚ್ಚಾಗಿ ಈ ಗರಸಿನ ಇಳಿಜಾರುಗಳು.

ಇಳಿಯುವುದು ಸುಲಭವೆಂಬ ಭಾವನೆ ಹುಟ್ಟುವುದು ಉಸಿರಿನಿಂದ. ಹೃದಯದ ಬಡಿತ ಇಳಿಯುತ್ತದೆ, ಮಾತು ಬರುತ್ತದೆ, ಶರೀರಕ್ಕೆ ವಿಶ್ರಾಂತಿ ಸಿಕ್ಕಿತೆಂದು ಅನ್ನಿಸುತ್ತದೆ. ಶಕ್ತಿವ್ಯಯದ ಲೆಕ್ಕದಲ್ಲಿ ಅದು ನಿಜವೂ ಹೌದು: ನಡಿಗೆಗೆ ಶೇಕಡಾ 10ರಷ್ಟು, ಓಟಕ್ಕೆ ಶೇಕಡಾ 20ರಷ್ಟು ಇಳಿಜಾರಿನಲ್ಲಿ ದೇಹಕ್ಕೆ ಅತ್ಯಂತ ಕಡಿಮೆ ಶಕ್ತಿ ಸಾಕೆಂದು ಇಟಲಿಯ ವಿಜ್ಞಾನಿ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ್ದಾರೆ. ಆದರೆ ತೊಡೆಯ ಸ್ನಾಯುಗಳ ಲೆಕ್ಕ ಬೇರೆ. ಹತ್ತುವಾಗ ಅವು ಕುಗ್ಗುತ್ತಾ ಕೆಲಸ ಮಾಡುತ್ತವೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆಯುತ್ತಾ ಹಿಗ್ಗುತ್ತವೆ. ಭಾರ ಹೊತ್ತು ಹಿಗ್ಗುವ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಸೀಳುಗಳಾಗುತ್ತವೆ, ಒಂದರಿಂದ ಮೂರು ದಿನಗಳ ನಡುವೆ ನೋವು ಹೆಚ್ಚುತ್ತದೆ. ಭಾನುವಾರ ಗಡ ಇಳಿದವರು ಮಂಗಳವಾರ ಆಫೀಸಿನ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುವುದು ಇದರಿಂದಲೇ. ಸಂತೋಷದ ಸಂಗತಿಯೆಂದರೆ ಸ್ನಾಯು ಬೇಗ ಕಲಿಯುತ್ತದೆ. ಒಮ್ಮೆ ಹಿತಮಿತವಾಗಿ ಇಳಿದು ನೋವುಂಡ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ಇಳಿಜಾರಿನಿಂದ ಅಷ್ಟು ಪೆಟ್ಟು ತಿನ್ನುವುದಿಲ್ಲ. ಮೆಟ್ಟಿಲು ಹತ್ತುವ ಯಂತ್ರದ ಮೇಲೆ ತಿಂಗಳುಗಟ್ಟಲೆ ಬೆವರಿಳಿಸಿದರೂ ಈ ರಕ್ಷಣೆ ಬರುವುದಿಲ್ಲ, ಇಳಿದೇ ಅದನ್ನು ಗಳಿಸಬೇಕು.

ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ವಿಜಯಪುರದ ಹಿರಿಯರೊಬ್ಬರಿದ್ದಾರೆ. ಹೆದರಿ ಹಿಂದಕ್ಕೆ ಬಾಗಿ ಇಳಿಯುವ ಹೊಸಬರನ್ನು ಕಂಡರೆ ಅವರು ನಿಂತು, ‘ತಂಗೀ, ಹಿಂದ ವಾಲಬ್ಯಾಡವಾ, ಹಿಂದ ವಾಲಿದ್ರ ಕಾಲು ಮುಂದ ಜಾರತಾವ. ಸಣ್ಣ ಸಣ್ಣ ಹೆಜ್ಜಿ ಇಡು, ಮೊಣಕಾಲು ಸಡಿಲ ಬಿಡು’ ಎನ್ನುತ್ತಾರೆ. ಇಡೀ ವಿದ್ಯೆ ಬಹುಮಟ್ಟಿಗೆ ಅಷ್ಟರಲ್ಲೇ ಇದೆ. ಭಯವಾದಾಗ ಮೈ ತಾನಾಗಿ ಹಿಂದೆ ಸರಿಯುತ್ತದೆ, ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ, ಹಿಮ್ಮಡಿ ಗರಸಿನ ಮೇಲೆ ಉರುಳುತ್ತದೆ. ಹೆಜ್ಜೆ ಸೊಂಟದ ನೇರ ಕೆಳಗೆ ಬೀಳುವಂತೆ ಚಿಕ್ಕದಾಗಿ, ಬೇಗಬೇಗ ಇಟ್ಟರೆ ಒಂದು ಕಲ್ಲು ಜಾರಿದರೂ ಮುಂದಿನ ಹೆಜ್ಜೆ ಆಗಲೇ ನೆಲ ಮುಟ್ಟಿರುತ್ತದೆ. ಓಡುವವರು ಕಣ್ಣನ್ನು ಪಾದದ ಬಳಿ ನೆಡದೆ ನಾಲ್ಕೈದು ಹೆಜ್ಜೆ ಮುಂದೆ ಇಡಬೇಕು, ತೋಳುಗಳನ್ನು ಸಮತೋಲಕ್ಕಾಗಿ ಅಗಲಿಸಿಕೊಳ್ಳಬೇಕು. ಮೇಲಿನಿಂದ ಹೊರಡುವ ಮುನ್ನ ಬೂಟಿನ ಲೇಸನ್ನು ಬಿಚ್ಚಿ ಬಿಗಿಯಾಗಿ ಮತ್ತೆ ಕಟ್ಟಿಕೊಳ್ಳದವರ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಮೊಣಕಾಲು ನೋವಿರುವವರು ಊರುಗೋಲುಗಳನ್ನು ಹತ್ತುವಾಗ ಬಳಸಿ ಇಳಿಯುವಾಗ ಚೀಲಕ್ಕೆ ಕಟ್ಟಿಕೊಳ್ಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅವುಗಳಿಂದ ಹೆಚ್ಚು ಉಪಕಾರ ಇಳಿಯುವಾಗಲೇ.

ಚೆನ್ನಾಗಿ ಇಳಿಯುವುದನ್ನು ನೋಡಬೇಕೆಂದರೆ ಗಡದ ಮೇಲೆ ಮಜ್ಜಿಗೆ, ಕುಡಿಕೆ ಮೊಸರು, ಪಿಠಲಾ ಭಾಕರಿ ಮಾರುವ ಹೆಂಗಸರನ್ನು ಸಂಜೆ ಗಮನಿಸಬೇಕು. ಸಾದಾ ಚಪ್ಪಲಿ, ತಲೆಯ ಮೇಲೆ ಖಾಲಿ ಪಾತ್ರೆಗಳು, ಬಾಯಲ್ಲಿ ಬಿಡದ ಮಾತು. ಅವರ ತಲೆ ಅಲುಗುವುದಿಲ್ಲ, ಮೊಣಕಾಲು ಎಂದೂ ಪೂರ್ತಿ ನೆಟ್ಟಗಾಗುವುದಿಲ್ಲ, ಕಡಿದಾದ ಕಡೆ ಮೈಯನ್ನು ಅರ್ಧ ಪಕ್ಕಕ್ಕೆ ತಿರುಗಿಸಿ ಪಾದವನ್ನು ಅಡ್ಡಲಾಗಿ ಇಡುತ್ತಾರೆ. ಅವರ ಹಿಂದೆ ಸ್ವಲ್ಪ ದೂರ ಬಿಟ್ಟು, ಅವರು ಕಾಲಿಟ್ಟಲ್ಲೇ ಕಾಲಿಡುತ್ತಾ ಇಳಿಯಿರಿ ಎಂದು ನಾನು ಹೊಸಬರಿಗೆ ಹೇಳುವುದುಂಟು.

ಸೈಕಲ್ಲಿನಲ್ಲಿ ಸಮಸ್ಯೆ ಬೇರೆಯದೇ ಸ್ವರೂಪ ತಾಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರವಿರುವ ಗಡದಿಂದ ಘಾಟಿಯ ಬುಡಕ್ಕೆ ಬರುವಾಗ ಸುಮಾರು 600 ಮೀಟರ್ ಇಳಿಯುತ್ತೇವೆ. ಸವಾರ, ಸೈಕಲ್ ಸೇರಿ 80 ಕಿಲೋ ತೂಕವೆಂದರೆ ಹತ್ತುವಾಗ ಕೂಡಿಟ್ಟ ಶಕ್ತಿ 4,70,000 ಜೌಲ್‌ಗಳಷ್ಟಾಗುತ್ತದೆ. ಒಂದೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅದು ಸಾಕು. ನಿಲ್ಲುವ ಹೊತ್ತಿಗೆ ಅಷ್ಟೂ ಶಕ್ತಿ ಗಾಳಿಯ ತಡೆಯಲ್ಲೋ ಬ್ರೇಕಿನ ಬಿಸಿಯಲ್ಲೋ ಕರಗಿರಬೇಕು. ರಿಮ್ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಸಂಭವವಿದೆ. ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕುಗಳನ್ನು ದೃಢವಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬ್ರೇಕು ಬಿಟ್ಟು ಸಾಗುವುದು ಸರಿಯಾದ ಕ್ರಮ. ಹೊರಬದಿಯ ಪೆಡಲ್ ಕೆಳಗಿರಬೇಕು, ಅದರ ಮೇಲೆ ಭಾರವಿರಬೇಕು, ಕಣ್ಣು ತಿರುವು ಮುಗಿಯುವ ಕಡೆಗಿರಬೇಕು. ಗುಂಡಿಯನ್ನೇ ದಿಟ್ಟಿಸುವವರು ಗುಂಡಿಗೇ ಹೋಗುತ್ತಾರೆ.

ಮಳೆಯಲ್ಲಿ ಒದ್ದೆಯಾದ ರಿಮ್ಮಿನ ಬ್ರೇಕು ತಡವಾಗಿ ಹಿಡಿಯುತ್ತದೆ, ಆದ್ದರಿಂದ ಬಹಳ ಮೊದಲೇ ಒಮ್ಮೆ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಎಂಟರ ನಂತರ ಸಿಂಹಗಡದ ಇಕ್ಕಟ್ಟಾದ ಘಾಟಿಯಲ್ಲಿ ಕಾರುಗಳ ಸಾಲು ಹತ್ತಿ ಬರುತ್ತಿರುತ್ತದೆ. ಕುರುಡು ತಿರುವಿನ ಆಚೆ ಒಂದು ಕಾರು ಇನ್ನೊಂದನ್ನು ಹಿಂದೆ ಹಾಕುತ್ತಿರಬಹುದೆಂದು ಎಣಿಸಿಯೇ ಇಳಿಯಬೇಕು. ನಾವು ಏಳು ಗಂಟೆಗೆ ಮುಂಚೆಯೇ ಇಳಿಯತೊಡಗುವುದು ಇದಕ್ಕಾಗಿ. ವಾಯಿಯಿಂದ ಪಂಚಗಣಿಗೆ ಹೋಗುವ ಪಸರಣಿ ಘಾಟಿ ಇದಕ್ಕಿಂತ ಅಗಲ, ತಿರುವುಗಳು ದೂರದಿಂದ ಕಾಣುತ್ತವೆ, ಕಲಿಯುವವರಿಗೆ ನನ್ನ ಆಯ್ಕೆ ಅದು. ಬೆವರಿನಿಂದ ತೊಯ್ದ ಅಂಗಿಯಲ್ಲಿ ಇಳಿದರೆ ಡಿಸೆಂಬರ್ ಬೆಳಿಗ್ಗೆ ಬೆರಳು ಮರಗಟ್ಟಿ ಬ್ರೇಕು ಹಿಡಿಯುವುದೇ ಕಷ್ಟವಾಗುತ್ತದೆ. ತೆಳುವಾದ ಗಾಳಿತಡೆಯ ಜಾಕೆಟ್ ಇಲ್ಲದವರು ಮೇಲಿನ ಚಹಾದಂಗಡಿಯಿಂದ ಹಳೆಯ ದಿನಪತ್ರಿಕೆ ಕೇಳಿ ಪಡೆದು ಎದೆಗೆ ಇಟ್ಟುಕೊಳ್ಳಬಹುದು. ಹಳೆಯ ಸೈಕಲ್ ಪಟುಗಳ ಈ ಉಪಾಯ ಇಂದಿಗೂ ಚೆನ್ನಾಗಿ ನಡೆಯುತ್ತದೆ.

ಚಳಿಗಾಲದಲ್ಲಿ ನಡೆಯುವ ಸಿಂಹಗಡ–ರಾಜಗಡ–ತೋರಣ ಅಲ್ಟ್ರಾ (ಮ್ಯಾರಥಾನಿಗಿಂತ ಉದ್ದದ) ಓಟಕ್ಕೆ ಹೆಸರು ಕೊಡುವ ಆಸೆಯಿರುವ ನಮ್ಮವರು ಹಲವರು ಈಚೆಗೆ ಕೇಳುತ್ತಿದ್ದಾರೆ. ಅವರಿಗೆ ನನ್ನ ಸಲಹೆ ಇಷ್ಟು. ಸೆಪ್ಟೆಂಬರಿನಲ್ಲಿ ಪುಣೆ ನಗರದೊಳಗಿನ ಗುಡ್ಡವಾದ ವೇತಾಳ ಟೇಕಡಿಯಿಂದ ಆರಂಭಿಸಿ: ನಡೆದು ಹತ್ತಿ, ಓಡಿ ಇಳಿಯಿರಿ, ಉಸಿರಿಗಾಗಿ ಮೇಲೆ ನಿಲ್ಲಿ, ಇಳಿದ ಮೇಲೆ ತೊಡೆ ನಡುಗಿದರೆ ಅಂದಿಗೆ ಸಾಕು ಮಾಡಿ. ಅಕ್ಟೋಬರ್ ಕೊನೆಗೆ ದಾರಿ ಒಣಗಿದಾಗ ಆತಕರವಾಡಿಯ ಇಳಿಜಾರಿಗೆ ಬನ್ನಿ, ಮೊದಲು ಬೆಳಕಿನಲ್ಲಿ, ನಂತರ ತಲೆದೀಪ ಕಟ್ಟಿಕೊಂಡು ನಸುಕಿನಲ್ಲಿ. ಓಟಕ್ಕೆ ಎರಡು ವಾರ ಇರುವಾಗ ಕೊನೆಯ ದೊಡ್ಡ ಇಳಿಕೆ ಮುಗಿಸಿ, ಆಮೇಲೆ ಸಮತಟ್ಟಾದ ದಾರಿಯಲ್ಲಷ್ಟೇ ಓಡಿ. ಭಾನುವಾರ ಬೆಳಿಗ್ಗೆ ಐದಕ್ಕೆ ನಾವು ಸಿಂಹಗಡದ ಬುಡದಲ್ಲಿರುತ್ತೇವೆ; ಕನ್ನಡ ಮಾತು ಕೇಳಿಸಿದ ಕಡೆ ಬಂದು ಸೇರಿಕೊಳ್ಳಿ, ಬೂಟಿನ ತಳ ಸವೆದಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಂಡು ಬನ್ನಿ.