ಬೇಸಿಗೆಯ ದಾರಿ, ಮಳೆಗಾಲದ ನಕ್ಷೆ

ವಿಜಯಪುರದಲ್ಲಿ ನಕ್ಷೆ ತಯಾರಿಸಿಕೊಡುವ ಸಣ್ಣ ಖಾಸಗಿ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಜಮೀನಿನ ಸರ್ವೆ, ಲೇಔಟು, ಪೈಪ್‌ಲೈನು ನಮ್ಮ ನಿತ್ಯದ ಕೆಲಸಗಳು. ನಗರದ ಸುತ್ತಲಿನ ಸೈಕಲ್ ಮಾರ್ಗಗಳನ್ನು ಅಂತರಜಾಲದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಪೈಪ್‌ಲೈನಿನ ಗೆರೆ ಎಳೆದವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಬೇಡಿಕೆಗೆ ಕಾರಣವಿತ್ತು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್‌ಗೆ ಹೆಸರಾದವು. ಆದರೆ ನಸುಕಿನಲ್ಲಿ ಅಭ್ಯಾಸಕ್ಕೆ ಹೊರಡುವ ಹುಡುಗ ಹುಡುಗಿಯರು ರಾಷ್ಟ್ರೀಯ ಹೆದ್ದಾರಿ 52ರ ಅಂಚಿನಲ್ಲಿ, ಸೋಲಾಪುರ ಮತ್ತು ಹುಬ್ಬಳ್ಳಿಯ ಲಾರಿಗಳ ಗಾಳಿ ಮೈಗೆ ಬಡಿಯುತ್ತಿರುವಾಗಲೇ ಸೈಕಲ್ ತುಳಿಯಬೇಕು. ಹಳ್ಳಿಯ ಒಳದಾರಿಗಳನ್ನು ಜೋಡಿಸಿ, ವಾಹನಗಳ ಕಾಟವಿಲ್ಲದ ಸುತ್ತುಗಳನ್ನು ಗುರುತಿಸಿಕೊಡಬೇಕೆಂಬುದು ಅವರ ಕೋರಿಕೆಯಾಗಿತ್ತು.

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದ ಯಾರಾದರೂ ರಸ್ತೆ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಲೂಬಹುದು. ಅದರ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಇರುವುದರಿಂದ, ಬೇರೆ ಕಂಪನಿಗಳ ನಕ್ಷೆ ನೋಡಿಕೊಂಡು ಹೆಸರನ್ನಾಗಲಿ ಗೆರೆಯನ್ನಾಗಲಿ ನಕಲು ಮಾಡುವಂತಿಲ್ಲ. ಸೈಕಲ್ ಸವಾರರ ಜಿಪಿಎಸ್ ಜಾಡು, ಅನುಮತಿಯಿರುವ ಉಪಗ್ರಹ ಚಿತ್ರ ಮತ್ತು ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡದ್ದು, ಇವೇ ನಮಗಿದ್ದ ಆಧಾರಗಳು. ಈ ಮೂರರಲ್ಲಿ ಕೊನೆಯದನ್ನು ನಾನು ಬಿಟ್ಟೆ.

ನಗರದಿಂದ ಹೊರಟು ಸಾರವಾಡದ ಬಳಿ ಡೋಣಿ ನದಿಯವರೆಗೆ ಹೋಗಿ, ಬೇರೆ ದಾರಿಯಿಂದ ಮರಳುವ ಒಂದು ಸುತ್ತಿನಲ್ಲಿ ನಡುವೆ ಕೆಲವು ಕಿಲೋಮೀಟರ್ ಕೊಂಡಿ ಬೇಕಾಗಿತ್ತು. ಉಪಗ್ರಹ ಚಿತ್ರದಲ್ಲಿ ಹೊಲಗಳ ನಡುವೆ ಬಿಳಿಚಿಕೊಂಡ ನೇರವಾದ ಬಂಡಿದಾರಿಯೊಂದು ಸ್ಪಷ್ಟವಾಗಿ ಕಾಣಿಸಿತು. ಅದನ್ನು ಎಳೆದೆ, ಗಟ್ಟಿ ಮಣ್ಣಿನ ದಾರಿ ಎಂದು ಟ್ಯಾಗ್ ಹಾಕಿದೆ, ಮಾರ್ಗಕ್ಕೆ ಸೇರಿಸಿದೆ. ಚಿತ್ರವನ್ನು ಬೇಸಿಗೆಯಲ್ಲಿ ತೆಗೆದಿರಬಹುದೆಂಬ ಯೋಚನೆಯೇ ಬರಲಿಲ್ಲ. ಎರೆಭೂಮಿಯ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಹೊಳೆಯದೇ ಹೋದದ್ದನ್ನು ಇಂದಿಗೂ ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಮೊದಲ ದೊಡ್ಡ ಮಳೆಯ ಮರುದಿನ ಒಬ್ಬ ಹುಡುಗ ಫೋನ್ ಮಾಡಿದ. "ಸರ, ನಕಾಶೆದಾಗ ದಾರಿ ಐತಿ, ಆದ್ರ ಗಾಲಿ ತಿರಗವಲ್ದುರೀ." ಬೈಕ್ ತೆಗೆದುಕೊಂಡು ಹೊರಟೆ, ಡಾಂಬರು ಮುಗಿದ ಕಡೆಯಿಂದ ನಡೆದು ಹೋದೆ. ಎರೆ ಮಣ್ಣು ಟೈರಿಗೆ ಮೆತ್ತಿ, ಪದರದ ಮೇಲೆ ಪದರವಾಗಿ ಬ್ರೇಕು ಮತ್ತು ಫ್ರೇಮಿನ ಸಂದಿಯಲ್ಲೆಲ್ಲ ತುಂಬಿಕೊಂಡು, ಗಾಲಿಯನ್ನು ಕಚ್ಚಿ ಹಿಡಿದಿತ್ತು. ಹುಡುಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅರ್ಧ ದಾರಿ ಬಂದಿದ್ದ. ಚಪ್ಪಲಿ ಕೈಯಲ್ಲಿ ಹಿಡಿದು ನಾನು ಎದುರಾದೆ. ಇಬ್ಬರೂ ಜಾಲಿ ಕಡ್ಡಿಯಿಂದ ಮಣ್ಣು ಕೆರೆಯುತ್ತ ಕುಳಿತಿದ್ದಾಗ, ಬದುವಿನ ಮೇಲೆ ನಿಂತಿದ್ದ ವಯಸ್ಸಾದ ರೈತರೊಬ್ಬರು ನಗುತ್ತ ಹೇಳಿದರು: "ತಮ್ಮಾ, ಇದು ಬ್ಯಾಸಗಿ ದಾರಿ. ಮಳಿ ಬಿದ್ರ ನಮ್ಮ ಎತ್ತನೂ ಇಲ್ಲಿ ಕಾಲ ಇಡಂಗಿಲ್ಲ."

ಇಷ್ಟಕ್ಕೇ ನಿಂತಿದ್ದರೆ ಇದು ಸಣ್ಣ ತಪ್ಪು. ಕಚೇರಿಗೆ ಮರಳಿ ಅವಸರದಲ್ಲಿ ಅದನ್ನು ಸರಿಪಡಿಸಲು ಹೋದದ್ದೇ ದೊಡ್ಡ ತಪ್ಪಾಯಿತು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೈಕಲ್ ಮಾರ್ಗವೆಂಬುದು ಒಂದೇ ಉದ್ದ ಗೆರೆಯಲ್ಲ. ನಕ್ಷೆಯಲ್ಲಿ ಮೊದಲೇ ಇರುವ ರಸ್ತೆ ತುಂಡುಗಳನ್ನು ಕ್ರಮವಾಗಿ ಪೋಣಿಸಿದ ಪಟ್ಟಿ, ಅಂದರೆ ರಿಲೇಶನ್. ಒಂದು ತುಂಡನ್ನು ಅಳಿಸಿದರೆ ಅದು ಸೇರಿದ್ದ ಮಾರ್ಗಗಳಿಂದಲೂ ಕಳಚಿಹೋಗುತ್ತದೆ. ಅದೇ ಜಾಗದಲ್ಲಿ ಹೊಸ ಗೆರೆ ಎಳೆದರೂ ಪಟ್ಟಿಗೆ ತಾನಾಗಿ ಬಂದು ಸೇರುವುದಿಲ್ಲ. ಹಳೆಯ ಗೆರೆಯ ಇತಿಹಾಸವೂ ಅದಕ್ಕೆ ಅಂಟುವುದಿಲ್ಲ. ನಾನು ಈ ನಕ್ಷೆಯನ್ನು ತಿದ್ದುವ ಜೆಓಎಸ್‌ಎಂ ತಂತ್ರಾಂಶದಲ್ಲಿ ಬಂಡಿದಾರಿಯನ್ನಷ್ಟೇ ಅಲ್ಲದೆ, ಅಂಕುಡೊಂಕಾಗಿ ಕಂಡ ಅಕ್ಕಪಕ್ಕದ ರಸ್ತೆಗಳನ್ನೂ ಅಳಿಸಿ ಅಚ್ಚುಕಟ್ಟಾಗಿ ಹೊಸದಾಗಿ ಬರೆದೆ. ಇವು ಮಾರ್ಗವೊಂದರ ಭಾಗ, ಅಳಿಸಲೇ ಎಂದು ತಂತ್ರಾಂಶ ಕೇಳಿತ್ತು. ದಿನಕ್ಕೆ ಹತ್ತಾರು ಬಾರಿ ಇಂಥ ಕಿಟಕಿ ನೋಡುವ ಅಭ್ಯಾಸದಲ್ಲಿ, ಓದದೆಯೇ ಸರಿ ಎಂದು ಒತ್ತಿದ್ದೆ.

ಮರುದಿನ ಸುತ್ತು ಮೂರು ತುಂಡಾಗಿ ಬಿದ್ದಿತ್ತು. ಅದಕ್ಕಿಂತ ನೋವಾದದ್ದು, ಆ ಹಳೆಯ ರಸ್ತೆಗಳಿಗೆ ಬೇರೆ ಸವಾರರು ತಿಂಗಳುಗಟ್ಟಲೆ ಸೇರಿಸಿದ್ದ ವಿವರಗಳು ನಕ್ಷೆಯಿಂದ ಮಾಯವಾಗಿದ್ದವು: ಜಲ್ಲಿ ಕಿತ್ತ ಇಳಿಜಾರು, ಕುಡಿಯುವ ನೀರಿನ ಟ್ಯಾಂಕಿನ ಪಕ್ಕದಲ್ಲಿ ಹಾಯುವ ಡಾಂಬರು ರಸ್ತೆ, ಕನ್ನಡದಲ್ಲಿ ಬರೆದ ಓಣಿಯ ಹೆಸರು. ಅಂಕುಡೊಂಕು ಎಂದು ನಾನು ಅಳಿಸಿದ ಒಂದು ತಿರುವು ನಿಜವಾಗಿಯೂ ಅಲ್ಲಿರುವ ಬಾವಿಯನ್ನು ಬಳಸಿ ಹೋಗುವ ತಿರುವಾಗಿತ್ತು.

ತಿದ್ದುಪಡಿಗಳೆಲ್ಲ ಚೇಂಜ್‌ಸೆಟ್‌ಗಳಾಗಿ, ಅಂದರೆ ಒಟ್ಟಿಗೆ ಅಪ್‌ಲೋಡ್ ಮಾಡಿದ ಬದಲಾವಣೆಗಳ ಕಟ್ಟುಗಳಾಗಿ, ಉಳಿದಿರುವುದರಿಂದ, ರಿವರ್ಟರ್ ಎಂಬ ಪ್ಲಗಿನ್ ಬಳಸಿ ನನ್ನ ಇಡೀ ದಿನದ ಕೆಲಸವನ್ನು ಹಿಂದಕ್ಕೆ ಪಡೆದೆ. ನಡುವೆ ಇನ್ನೊಬ್ಬರು ಅದೇ ಜಾಗದಲ್ಲಿ ಮಾಡಿದ್ದ ಎರಡು ಬದಲಾವಣೆಗಳನ್ನು ಕೈಯಿಂದಲೇ ಹೊಂದಿಸಬೇಕಾಯಿತು; ಅದಕ್ಕೆ ಸಂಜೆಯವರೆಗೆ ಹಿಡಿಯಿತು. ಆಮೇಲೆ ಬಂಡಿದಾರಿಯ ಹಳೆಯ ಗೆರೆಯನ್ನು ಅಳಿಸದೆ, ಕೆಟ್ಟ ಭಾಗವಿರುವಲ್ಲಿ ಅದನ್ನು ಕತ್ತರಿಸಿ, ಟ್ಯಾಗ್‌ಗಳನ್ನಷ್ಟೇ ಬದಲಿಸಿದೆ. ಮಾರ್ಗದ ಸದಸ್ಯತ್ವ ಎರಡೂ ತುಂಡುಗಳಿಗೆ ತಾನಾಗಿಯೇ ಉಳಿಯಿತು. ನೆಲ ಮೆತ್ತಗಿರುವ ದಾರಿಗೆ ಇರುವ ಗ್ರೇಡ್ 5 ಎಂಬ ದರ್ಜೆಯನ್ನು ಕೊಟ್ಟೆ, ಒಣ ಋತುವಿಗೆ ಮಾತ್ರ ಎಂದು ಗುರುತಿಸಿದೆ, ವಿವರಣೆಯ ಜಾಗದಲ್ಲಿ ರೈತರ ಮಾತನ್ನೇ ಬರೆದೆ: ಬ್ಯಾಸಗಿ ದಾರಿ. ಮಳೆಗಾಲಕ್ಕೆಂದು ಡಾಂಬರಿನ ಮೇಲೇ ಹೋಗುವ, ಸ್ವಲ್ಪ ಉದ್ದದ ಬದಲಿ ಮಾರ್ಗವೊಂದನ್ನು ಬೇರೆಯಾಗಿ ಜೋಡಿಸಿದೆ.

ಈಗ ನಮ್ಮ ಕಚೇರಿಯಲ್ಲಿ ಸೈಕಲ್ ಮಾರ್ಗದ ತಿದ್ದುಪಡಿಯನ್ನು ತುಳಿದು ಬಂದವರ ಮಾತಿಲ್ಲದೆ ಯಾರೂ ಅಪ್‌ಲೋಡ್ ಮಾಡುವುದಿಲ್ಲ. ಚೇಂಜ್‌ಸೆಟ್‌ನ ಟಿಪ್ಪಣಿಯಲ್ಲಿ ಯಾವ ತಿಂಗಳು ಹೋಗಿದ್ದರೆಂಬುದನ್ನೂ ಬರೆಯುತ್ತೇವೆ. ಅಂದು ಸೈಕಲ್ ಹೊತ್ತು ಬಂದ ಹುಡುಗ ತಾನೇ ಖಾತೆ ತೆರೆದಿದ್ದಾನೆ. ಅವನು ಬರೆದ ಮೊದಲ ಟಿಪ್ಪಣಿ ಆ ದಾರಿಯದ್ದೇ: "ಮಳಿ ನಿಂತು ನಾಕ ದಿನ ಆತು, ಇನ್ನೂ ಹಸಿ ಐತಿ."