ಜಾತ್ರೆಯ ರೂಮಿಗೆ ದರ ಹೇಳಬೇಕಾದವರು ಯಾರು?

ಲಾಡ್ಜ್ ಕೆಲಸದಲ್ಲಿರುವವರಿಗೆ ರೇಟ್ ಪ್ಯಾರಿಟಿ ಅಂದರೆ ಏನು ಅಂತ ಹೇಳಬೇಕಿಲ್ಲ. ರೂಮ್ ಬುಕಿಂಗ್ ಆ್ಯಪ್‌ನಲ್ಲಿ ತೋರಿಸಿದ್ದಕ್ಕಿಂತ ಕಡಿಮೆ ದರಕ್ಕೆ ಬೇರೆ ಕಡೆ ರೂಮು ಕೊಡಬಾರದು ಎನ್ನುವ ಆ್ಯಪ್‌ನವರ ಷರತ್ತು ಅದು. ಅದನ್ನು ಮೀರಿದರೆ, ಆ್ಯಪ್‌ನವರು ಲಾಡ್ಜ್‌ಗಳಿಗೆ ಕೊಡುವ ಎಕ್ಸ್‌ಟ್ರಾನೆಟ್ ಪುಟ ತೆರೆದ ಕೂಡಲೇ ಕೆಂಪು ಅಕ್ಷರದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಶಿರಸಿಯಲ್ಲಿ ನಾನು ಫ್ರಂಟ್ ಆಫೀಸ್ ನೋಡಿಕೊಳ್ಳುವ ಲಾಡ್ಜ್‌ಗೆ ಈ ಕೆಂಪು ಅಕ್ಷರ ಬಹಳ ನಷ್ಟ ಮಾಡಿತು. ಅದರ ನೋವು ಇನ್ನೂ ಹೋಗಿಲ್ಲ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಊರಿನಲ್ಲಿ ಚಾಪೆ ಹಾಸುವಷ್ಟು ಜಾಗ ಸಿಕ್ಕರೂ ಪುಣ್ಯ. ಹಾನಗಲ್, ಹಾವೇರಿ, ಹುಬ್ಬಳ್ಳಿ ಕಡೆಯ ಕೆಲವು ಮನೆಯವರು ನಮ್ಮಲ್ಲೇ ಇಳಿಯುತ್ತಾರೆ. ಅವರ ಹಿರಿಯರೂ ಇಲ್ಲೇ ಇಳಿದವರು. ಒಂದು ಜಾತ್ರೆ ಮುಗಿಸಿ ಹೊರಡುವಾಗಲೇ ಮುಂದಿನದಕ್ಕೆ ರೂಮು ಹೇಳಿ ಹೋಗುತ್ತಾರೆ. ಯಜಮಾನರು ಅದನ್ನು ತಮ್ಮ ಉದ್ದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಅಡ್ವಾನ್ಸ್ ಇಲ್ಲ. ದರ ಮಾಮೂಲಿಯದೇ.

ಈ ರೂಮುಗಳನ್ನು ನಾನು ಚಾನೆಲ್ ಮ್ಯಾನೇಜರ್‌ನಲ್ಲಿ, ಅಂದರೆ ಆ್ಯಪ್‌ಗಳಿಗೆ ರೂಮು, ದರ ಕಳಿಸುವ ಸಾಫ್ಟ್‌ವೇರ್‌ನಲ್ಲಿ, ಕ್ಲೋಸ್ ಮಾಡಿದೆ. ಉಳಿದವನ್ನು ಆ್ಯಪ್‌ನಲ್ಲಿ ಜಾತ್ರೆಯ ದರಕ್ಕೆ ಬಿಟ್ಟೆ. ಒಂದು ದಿನ ಯಾರೋ ಫೋನ್ ಮಾಡಿ, "ನೇರವಾಗಿ ಬುಕ್ ಮಾಡಿದರೆ ಎಷ್ಟು?" ಎಂದು ಕೇಳಿದರು. ಕಮಿಷನ್ ಬಿಟ್ಟು ದರ ಹೇಳಿದೆವು. ಅದು ಆ್ಯಪ್‌ನವರ ಕಡೆಯದೇ ಫೋನು ಎಂದು ಆಗ ಹೊಳೆಯಲಿಲ್ಲ.

ಮರುದಿನ ಸಂಜೆ, ಚೆಕ್-ಇನ್ ಗಲಾಟೆಯ ನಡುವೆ, ಬೆಂಗಳೂರಿನಿಂದ ಆ್ಯಪ್‌ನ ಅಕೌಂಟ್ ಮ್ಯಾನೇಜರ್ ಫೋನ್ ಮಾಡಿದರು. ಕೌಂಟರ್ ಮುಂದೆ ಎರಡು ಕುಟುಂಬ ನಿಂತಿತ್ತು. ಮಗುವೊಂದು ಅಳುತ್ತಿತ್ತು.

"ಸರ್, ನಿಮ್ಮ ಪ್ರಾಪರ್ಟಿಯಲ್ಲಿ ಡಿಸ್‌ಪ್ಯಾರಿಟಿ ಇದೆ. ಡೈರೆಕ್ಟ್ ರೇಟ್ ಕಮ್ಮಿ ಕೊಡ್ತಾ ಇದ್ದೀರಿ. ಇನ್ವೆಂಟರಿನೂ ಕ್ಲೋಸ್ ಮಾಡಿದ್ದೀರಿ."

"ಅವು ಹಳೇ ಗಿರಾಕಿಗಳ ರೂಮು ಸರ್. ಹೋದ ಜಾತ್ರೆಯಲ್ಲೇ ಹೇಳಿ ಹೋಗಿದ್ದಾರೆ."

"ಅಗ್ರಿಮೆಂಟ್ ನೋಡಿ ಸರ್. ಕೊನೇ ರೂಮಿನ ತನಕ ನಮಗೂ ಓಪನ್ ಇರಬೇಕು. ಇವತ್ತೇ ಸರಿ ಮಾಡದಿದ್ರೆ ರ‍್ಯಾಂಕಿಂಗ್ ಬೀಳುತ್ತೆ."

ಯಜಮಾನರು ಪಕ್ಕದಲ್ಲೇ ಇದ್ದರು. "ಎಂತದಂತೆ ತಮಾ?" ಎಂದರು. ರಿಸೀವರ್‌ಗೆ ಕೈ ಅಡ್ಡ ಹಿಡಿದು ಹೇಳಿದೆ. ಅವರು ಪುಸ್ತಕ ತೆರೆದು ಹೆಸರುಗಳ ಮೇಲೆ ಒಮ್ಮೆ ಬೆರಳಾಡಿಸಿದರು. "ಇವರಿಗೆ ಇಲ್ಲ ಅನ್ನಲು ನನ್ನಿಂದಾಗುವುದಿಲ್ಲ. ಅವರು ಎಂತ ಮಾಡ್ತಾರೋ ಮಾಡಲಿ" ಎಂದರು.

ನಾನು ಫೋನಿನಲ್ಲಿ, "ಈಗ ಹೇಳಿದ್ದನ್ನೇ ಒಂದು ಮೇಲ್ ಮಾಡ್ತೀರಾ ಸರ್?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಮೇಲ್ ಯಾಕೆ ಸರ್, ಸಿಸ್ಟಮ್ಮೇ ಮಾಡುತ್ತೆ" ಎಂದು ಇಟ್ಟುಬಿಟ್ಟರು.

ರಾತ್ರಿ ಆ್ಯಪ್‌ನಲ್ಲಿ ಶಿರಸಿ ಎಂದು ಹುಡುಕಿದರೆ ನಮ್ಮ ಲಾಡ್ಜ್ ಮೊದಲ ಪುಟದಲ್ಲಿ ಇರಲಿಲ್ಲ. ಎಷ್ಟೋ ಕೆಳಗೆ ಸ್ಕ್ರೋಲ್ ಮಾಡಿದ ಮೇಲೆ ಸಿಕ್ಕಿತು. ಜಾತ್ರೆಗೇನೂ ತೊಂದರೆ ಆಗಲಿಲ್ಲ, ರೂಮೆಲ್ಲ ತುಂಬಿದವು. ಪೆಟ್ಟು ಬಿದ್ದಿದ್ದು ಮಳೆಗಾಲದಲ್ಲಿ. ಉಂಚಳ್ಳಿ, ಶಿವಗಂಗೆ, ಬೆಣ್ಣೆಹೊಳೆ ಫಾಲ್ಸ್ ನೋಡಲು ಬರುವ ಬೆಂಗಳೂರಿನ ಹುಡುಗರು ರೂಮು ಹುಡುಕುವುದೇ ಆ್ಯಪ್‌ನಲ್ಲಿ. ಆ ವರ್ಷ ಅವರು ಬರಲಿಲ್ಲ. ಇಬ್ಬರು ರೂಮ್ ಬಾಯ್‌ಗಳಿಗೆ, ದಸರಾ ತನಕ ಊರಲ್ಲೇ ಇರಿ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿದ್ದ ಹೆಸರುಗಳನ್ನು ಉಳಿಸಿಕೊಂಡಿದ್ದಕ್ಕೆ ಬೆಲೆ ಕೊಟ್ಟವರು ಆ ಹುಡುಗರು. ಇದು ನನಗೆ ಈಗಲೂ ಸಹಿಸಲಾಗುವುದಿಲ್ಲ.

ಆಮೇಲೆ ಕಾನೂನು ಓದಲು ಕುಳಿತೆ. ಇಷ್ಟು ದೊಡ್ಡ ಕಂಪನಿ ಆಗಿರುವುದೇ ತಪ್ಪು ಎಂದುಕೊಂಡಿದ್ದೆ. ಹಾಗಲ್ಲ. ಏಕಸ್ವಾಮ್ಯ ತಡೆಯಲು ಬಂದ 1969ರ ಎಂಆರ್‌ಟಿಪಿ ಕಾಯ್ದೆಗೆ ಕಂಪನಿಯ ಗಾತ್ರದ ಮೇಲೇ ಅನುಮಾನವಿತ್ತು. ಅದರ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆ ದೊಡ್ಡದಾಗಿ ಬೆಳೆಯುವುದನ್ನು ತಡೆಯುವುದಿಲ್ಲ. ಆ ಬಲವನ್ನು ದುರುಪಯೋಗ ಮಾಡಿದರೆ ಮಾತ್ರ ಅದರ 4ನೇ ಸೆಕ್ಷನ್ ಹಿಡಿಯುತ್ತದೆ. ಇದು ಸರಿಯಾದ ದಾರಿಯೇ. ಜನ ಇಷ್ಟಪಟ್ಟು ಬಳಸಿದ್ದರಿಂದ ಬೆಳೆದ ಆ್ಯಪ್‌ಗೆ ಬೆಳೆದದ್ದಕ್ಕೇ ಶಿಕ್ಷೆ ಕೊಡುವುದು ನ್ಯಾಯವಲ್ಲ.

ನಮ್ಮದೇ ಥರದ ಕರಾರು ಈ ಕಾಯ್ದೆಯ ದೂರು ನೋಡುವ ಸ್ಪರ್ಧಾ ಆಯೋಗದ ಮುಂದೆ ಬಂದಿತ್ತು ಎಂದು ಆಗಲೇ ಗೊತ್ತಾಗಿದ್ದು. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ ₹223.48 ಕೋಟಿ, ಓಯೋಗೆ ₹168.88 ಕೋಟಿ ದಂಡ ಹಾಕಿತು. ಬೇರೆ ಆ್ಯಪ್‌ಗಳಲ್ಲಿ ಕಡಿಮೆ ದರಕ್ಕೆ ರೂಮು ಕೊಡಬಾರದು, ಅಲ್ಲಿ ರೂಮು ಇದ್ದರೆ ಇಲ್ಲೂ ಇರಬೇಕು ಎಂದು ಹೋಟೆಲ್‌ಗಳ ಮೇಲೆ ಹೇರಿದ್ದ ಷರತ್ತನ್ನು ತೆಗೆಯಲು ಮೇಕ್‌ಮೈಟ್ರಿಪ್‌ಗೆ ಹೇಳಿತು. ಕಂಪನಿ ಮೇಲ್ಮನವಿಗೆ ಹೋಯಿತು. ನಮಗೆ ಫೋನ್ ಮಾಡಿದ ಆ್ಯಪ್ ಈ ಎರಡೂ ಅಲ್ಲ. ಅದರ ಹೆಸರು ಇಲ್ಲಿ ಬೇಡ.

ಆ ಆದೇಶದಲ್ಲಿ ನನ್ನನ್ನು ಕಾಡಿದ ವಿಷಯ ಎರಡು. ತನಿಖೆಗೆ ಆದೇಶವಾಗಿದ್ದು 2019ರಲ್ಲಿ. ತೀರ್ಪು ಬರಲು ಮೂರು ವರ್ಷ ಬೇಕಾಯಿತು. ಒಂದು ಮಳೆಗಾಲ ಖಾಲಿ ಹೋದರೆ ಸಂಬಳಕ್ಕೆ ಪರದಾಡುವ ಲಾಡ್ಜ್ ಅಷ್ಟು ದಿನ ಕಾಯಲು ಆಗುತ್ತದಾ? ಇನ್ನೊಂದು, ಆ ನಿರ್ದೇಶನ ಬೇರೆ ಆ್ಯಪ್‌ಗಳಿಗೆ ಹೋಲಿಸುವ ಷರತ್ತಿನದು. ಹಾನಗಲ್‌ನಿಂದ ನೇರವಾಗಿ ಫೋನ್ ಮಾಡುವ ಗಿರಾಕಿಗೆ ನಾವು ಎಷ್ಟು ಹೇಳಬೇಕು ಎನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಯುರೋಪಿನಲ್ಲಿ ಇದಕ್ಕೆ ಮೊದಲೇ ಉತ್ತರ ಬರೆದಿಟ್ಟಿದ್ದಾರೆ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ, ಹೋಟೆಲಿನವರು ತಮ್ಮದೇ ವೆಬ್‌ಸೈಟಿನಲ್ಲಿ ಕಡಿಮೆ ದರ ಕೊಡುವುದನ್ನು ದೊಡ್ಡ ವೇದಿಕೆಗಳು ತಡೆಯುವಂತಿಲ್ಲ. 2024ರ ಮೇ ತಿಂಗಳಲ್ಲಿ ಬುಕಿಂಗ್.ಕಾಮ್ ಆ ದೊಡ್ಡ ವೇದಿಕೆಗಳ ಪಟ್ಟಿಗೆ ಸೇರಿತು.

ನಮ್ಮಲ್ಲೂ 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಬಂತು. ತಪ್ಪು ನಡೆದ ಮೇಲೆ ತನಿಖೆ ಮಾಡುವ ಬದಲು, ದೊಡ್ಡ ವೇದಿಕೆಗಳು ಏನು ಮಾಡಬಾರದು ಎಂದು ಮೊದಲೇ ಹೇಳಿಬಿಡುವುದು ಅದರ ದಾರಿ. ಯಾರು ದೊಡ್ಡವರು ಎನ್ನಲು ಭಾರತದಲ್ಲಿ ₹4,000 ಕೋಟಿ ವಹಿವಾಟಿನಂಥ ಹಣದ ಅಳತೆಗಳಿವೆ. ಅದರ ಜೊತೆಗೆ 1 ಕೋಟಿ ಗ್ರಾಹಕರು ಅಥವಾ 10,000 ವ್ಯಾಪಾರಿ ಬಳಕೆದಾರರು ಇರಬೇಕು. ಇದಕ್ಕೆ ವಿರೋಧ ಜೋರಾಗಿಯೇ ಬಂತು. ಬೆಳೆಯುತ್ತಿರುವ ನಮ್ಮ ದೇಶದ ಕಂಪನಿಗಳ ಕೈ ಕಟ್ಟಿದಂತಾಗುತ್ತದೆ, ಗ್ರಾಹಕರಿಗೆ ಸಿಗುವ ಡಿಸ್ಕೌಂಟ್ ನಿಲ್ಲುತ್ತದೆ ಎನ್ನುತ್ತಾರೆ.

ಆ್ಯಪ್‌ನವರ ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಗಿರಾಕಿ ಅವರ ಆ್ಯಪ್‌ನಲ್ಲಿ ಫೋಟೋ ನೋಡುತ್ತಾನೆ, ರಿವ್ಯೂ ಓದುತ್ತಾನೆ, ಆಮೇಲೆ ನಮಗೆ ಫೋನ್ ಮಾಡಿ ಕಡಿಮೆ ದರಕ್ಕೆ ಬುಕ್ ಮಾಡುತ್ತಾನೆ. ಅವರು ಖರ್ಚು ಮಾಡಿದ್ದು ಸುಮ್ನೆ ಹೋಗುತ್ತದೆ. ಇದು ನಿಜ, ನಮ್ಮ ಕೌಂಟರಿನಲ್ಲೂ ನಡೆಯುತ್ತದೆ. ಮಳೆಗಾಲದ ಗಿರಾಕಿಗಳನ್ನು ತಂದುಕೊಟ್ಟಿದ್ದೂ ಅವರೇ. ಅದಕ್ಕಾಗಿ ಅವರು ಕಮಿಷನ್ ತಗೊಳ್ಳಲಿ, ಬೇಕಿದ್ದರೆ ಜಾಸ್ತಿಯೇ ಕೇಳಲಿ. ಅವರು ತರದ ಗಿರಾಕಿಯ ದರವನ್ನೂ ಅವರೇ ಹೇಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಾನಗಲ್‌ನ ಆ ಮನೆಯವರು ಆ್ಯಪ್ ಹುಟ್ಟುವ ಮೊದಲಿನಿಂದಲೂ ನಮ್ಮಲ್ಲಿ ಇಳಿಯುತ್ತಿದ್ದಾರೆ.

ನಮ್ಮ ಯಜಮಾನರಿಗೆ ಅಡಿಕೆ ತೋಟವೂ ಇದೆ. ಅವರು ಇದನ್ನು ಅಡಿಕೆ ಲೆಕ್ಕದಲ್ಲೇ ನೋಡುತ್ತಾರೆ. ವ್ಯಾಪಾರಿ ಹೇಳಿದ್ದೇ ದರ ಎನ್ನುವ ಕಾಲದಲ್ಲಿ, 1923ರಲ್ಲಿ, ಇಲ್ಲಿನ ಬೆಳೆಗಾರರು ಸೇರಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಇವತ್ತು ಚಾಲಿ ಅಡಿಕೆ ಇರಲಿ, ರಾಶಿ ಅಡಿಕೆ ಇರಲಿ, ಟೆಂಡರಿನಲ್ಲಿ ಹಲವು ವ್ಯಾಪಾರಿಗಳು ದರ ಬರೆಯುತ್ತಾರೆ. ಒಪ್ಪಿಗೆಯಾಗದಿದ್ದರೆ ಮಾಲು ಇಟ್ಟುಕೊಂಡು ಮುಂದಿನ ಟೆಂಡರಿಗೆ ಕಾಯಬಹುದು. "ಬೇಡ ಅಂದಿದ್ದಕ್ಕೆ ಮುಂದಿನ ವಾರ ನನ್ನ ಅಡಿಕೆಯನ್ನು ಯಾರೂ ಬಚ್ಚಿಡುವುದಿಲ್ಲ" ಎನ್ನುತ್ತಾರೆ ಅವರು.

ಆ್ಯಪ್ ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾವೂ ಬಿಟ್ಟಿಲ್ಲ. ಈಗ ಅಕೌಂಟ್ ಮ್ಯಾನೇಜರ್ ಫೋನ್ ಮಾಡಿದರೆ, ಮಾತು ಮುಗಿದ ಕೂಡಲೇ "ನೀವು ಈಗ ಹೇಳಿದ್ದು ಇದು" ಎಂದು ನಾನೇ ಅವರಿಗೆ ಮೇಲ್ ಹಾಕುತ್ತೇನೆ. ಪ್ರತಿ ಸೋಮವಾರ ಸರ್ಚ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ. ಆಯೋಗಕ್ಕೆ ದೂರಿನ ಮಾಹಿತಿ ಯಾರು ಬೇಕಾದರೂ ಕೊಡಬಹುದು. ವ್ಯಾಪಾರಿಗಳ ಸಂಘವೂ ಕೊಡಬಹುದು. 2019ರಲ್ಲಿ ಹಾಗೆ ಹೋಗಿದ್ದು ಹೋಟೆಲ್ ಮಾಲೀಕರ ರಾಷ್ಟ್ರೀಯ ಒಕ್ಕೂಟವೇ. ಗೋಕರ್ಣ, ದಾಂಡೇಲಿ, ಕಾರವಾರದ ಲಾಡ್ಜ್, ಹೋಂಸ್ಟೇ ನಡೆಸುವವರು ಇದನ್ನು ಓದುತ್ತಿದ್ದರೆ, ನಿಮ್ಮ ಅಗ್ರಿಮೆಂಟಿನಲ್ಲಿ ಪ್ಯಾರಿಟಿಯ ಷರತ್ತು ಯಾವ ಪುಟದಲ್ಲಿದೆ ಎಂದು ಇವತ್ತೇ ಹುಡುಕಿ. ಫೋನಿನಲ್ಲಿ ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ.